ಬಾವಿಗೆ ಬಿದ್ದವನನ್ನು ಕಂಡು ನಕ್ಕವರು

ಸೆಮಿನರಿಯಲ್ಲಿ ನಮಗೆ ತತ್ತ್ವಶಾಸ್ತ್ರದ ಮೊದಲ ಪಾಠವಾಗಿ ಬಂದವನು ಗ್ರೀಕ್ ದಾರ್ಶನಿಕ ಥೇಲ್ಸ್. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಮಿಲೇಟಸ್ ನಗರದಲ್ಲಿ ಬಾಳಿದ ಈತ ಆಕಾಶದ ನಕ್ಷತ್ರಗಳನ್ನು ನೋಡುತ್ತ ನಡೆಯುವಾಗ ಬಾವಿಗೆ ಬಿದ್ದನಂತೆ. ಅದನ್ನು ಕಂಡ ಥ್ರೇಸ್ ದೇಶದ ಸೇವಕಿಯೊಬ್ಬಳು, ಆಕಾಶದಲ್ಲಿ ಏನಿದೆಯೆಂದು ತಿಳಿಯಹೊರಟವನಿಗೆ ಕಾಲಬುಡದಲ್ಲಿ ಏನಿದೆಯೆಂಬುದೇ ತಿಳಿಯಲಿಲ್ಲವಲ್ಲ ಎಂದು ನಕ್ಕಳಂತೆ. ಈ ಪ್ರಸಂಗವನ್ನು ಪ್ಲೇಟೋ ತನ್ನ ‘ಥಿಯಾಟಿಟಸ್’ ಸಂವಾದದಲ್ಲಿ ಹೇಳಿದ್ದಾನೆ. ನಮ್ಮ ಗುರುಗಳು ಅದನ್ನು ವಿವರಿಸಿದಾಗ ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು.

ಆ ತರಗತಿಯಲ್ಲಿ ನಮಗೊಬ್ಬ ಸಹಪಾಠಿಯಿದ್ದ. ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುವುದೇ ಅವನ ಲೋಕ. ಸಂಜೆ ಎಲ್ಲರೂ ವಾಲಿಬಾಲ್ ಆಡಲು ಅಂಗಳಕ್ಕಿಳಿದರೆ ಅವನು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ತಂತಿಗಳ ನಡುವೆ ಕುಳಿತಿರುತ್ತಿದ್ದ. ಊಟದ ಮೇಜಿನಲ್ಲಿ ಯಾರಾದರೂ ಸೌಜನ್ಯಕ್ಕೆ ಮಾತನಾಡಿಸಿದರೆ ಟ್ರಾನ್ಸಿಸ್ಟರಿನ ಗುಣವಿಶೇಷಗಳನ್ನು ಅರ್ಧ ಗಂಟೆ ವಿವರಿಸುತ್ತಿದ್ದ. ಕೇಳುವವನ ಗಮನ ಬೇರೆಡೆಗೆ ಹೊರಳಿದ್ದು ಅವನ ಅರಿವಿಗೆ ಬರುತ್ತಿರಲಿಲ್ಲ. ಥೇಲ್ಸನ ಪಾಠ ನಡೆದ ದಿನವೇ ಅವನಿಗೆ ಆ ಹೆಸರು ಅಂಟಿತು. ಎರಡನೆಯ ವರ್ಷದ ಕೊನೆಯಲ್ಲಿ ಅವನು ಸೆಮಿನರಿಯನ್ನು ಬಿಟ್ಟು ಹೋದ. ನಮ್ಮ ನಗೆಯೇ ಅದಕ್ಕೆ ಕಾರಣವೆಂದು ಹೇಳಲಾರೆವು. ಅಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ.

ಇಂತಹವರನ್ನು ಕರೆಯಲು ಅಮೆರಿಕದವರಲ್ಲಿ ಒಂದು ಪದವಿದೆ: ‘ನರ್ಡ್’. ಇಂದು ನಮ್ಮ ಮಕ್ಕಳ ಬಾಯಲ್ಲೂ ಅದು ಕೇಳಿಬರುತ್ತದೆ. ಆ ಪದದ ಹುಟ್ಟು, ಅದು ಹೊತ್ತ ಅವಮಾನ, ಬಳಿಕ ಅದು ಪಡೆದ ಮರ್ಯಾದೆ ಇವುಗಳನ್ನು ಪರಿಶೀಲಿಸಿದರೆ, ನಾವು ಮನುಷ್ಯರನ್ನು ಯಾವ ತಕ್ಕಡಿಯಲ್ಲಿ ತೂಗುತ್ತೇವೆ ಎಂಬುದು ತಿಳಿಯುತ್ತದೆ. ತಂದೆತಾಯಿಗಳು ಯೋಚಿಸತಕ್ಕ ವಿಷಯವಿದು.

ಈ ಪದ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1950ರಲ್ಲಿ, ಡಾಕ್ಟರ್ ಸ್ಯೂಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಮಕ್ಕಳ ಸಾಹಿತಿಯ ಪುಸ್ತಕವೊಂದರಲ್ಲಿ. ಅಲ್ಲಿ ಅದು ಮೃಗಾಲಯಕ್ಕೆ ಹಿಡಿದು ತರಬೇಕಾದ ಒಂದು ಕಲ್ಪಿತ ಪ್ರಾಣಿಯ ಹೆಸರು. ಮರುವರ್ಷವೇ, 1951ರಲ್ಲಿ, ಡೆಟ್ರಾಯಿಟ್ ನಗರದ ಯುವಕರು ತಮ್ಮ ಗುಂಪಿಗೆ ಒಗ್ಗದ ಸಪ್ಪೆ ಹುಡುಗನನ್ನು ‘ನರ್ಡ್’ ಎನ್ನುತ್ತಾರೆಂದು ‘ನ್ಯೂಸ್‌ವೀಕ್’ ಪತ್ರಿಕೆ ವರದಿ ಮಾಡಿತು. 1970ರ ದಶಕದಲ್ಲಿ ‘ಹ್ಯಾಪಿ ಡೇಸ್’ ಎಂಬ ದೂರದರ್ಶನ ಧಾರಾವಾಹಿ ಆ ಪದವನ್ನು ಮನೆಮನೆಗೆ ತಲುಪಿಸಿತು. ಅದರೊಡನೆ ಒಂದು ವೇಷವೂ ಸಿದ್ಧವಾಯಿತು: ದಪ್ಪ ಗಾಜಿನ ಕನ್ನಡಕ, ಅಳತೆಗೆ ಹೊಂದದ ಪ್ಯಾಂಟು, ಶಾಯಿ ಸೋರಿ ಅಂಗಿ ಕೆಡದಂತೆ ಜೇಬಿನೊಳಗೆ ತುರುಕಿದ ಪ್ಲಾಸ್ಟಿಕ್ಕಿನ ಚೀಲ, ಅದರಲ್ಲಿ ಸಾಲಾಗಿ ನಿಂತ ಪೆನ್ನುಗಳು.

ನಮ್ಮಲ್ಲಿಯೂ ಇಂತಹ ಮಾತುಗಳು ಇಲ್ಲದಿಲ್ಲ. ‘ಪುಸ್ತಕದ ಹುಳು’ ಎಂಬುದು ಹಳೆಯದು. ಬೆಂಗಳೂರು, ಮೈಸೂರುಗಳ ಕಾಲೇಜುಗಳಲ್ಲಿ ಸದಾ ಓದುವವನಿಗೆ ‘ಕುಡುಮಿ’ ಎನ್ನುವುದುಂಟು. ತಮಿಳಿನಲ್ಲಿ ಜುಟ್ಟಿಗೆ ಕುಡುಮಿ ಎಂದು ಹೆಸರು. ಆದರೆ ಕುಡುಮಿಯೂ ನರ್ಡೂ ಒಂದೇ ಎನ್ನಲಾಗದು. ಕುಡುಮಿ ಅಂಕಗಳಿಗಾಗಿ ಓದಿಯಾನು, ರ‍್ಯಾಂಕಿಗಾಗಿ ನಿದ್ದೆ ಕೆಟ್ಟಾನು. ನರ್ಡ್ ಎನಿಸಿಕೊಂಡವನು ಪರೀಕ್ಷೆಗೆ ಬಾರದುದನ್ನೇ ಓದುತ್ತ ಕುಳಿತಿರುವವನು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದರಲ್ಲೇ ಮುಳುಗಿ ಉಳಿದ ವಿಷಯಗಳನ್ನು ಕಡೆಗಣಿಸಿದ ಕಾರಣ ವಿದ್ಯಾರ್ಥಿವೇತನವನ್ನೇ ಕಳೆದುಕೊಂಡರು. ಅಂಕಪಟ್ಟಿಯನ್ನು ನಂಬಿದವರಿಗೆ ಅವರು ಅನುತ್ತೀರ್ಣ ವಿದ್ಯಾರ್ಥಿ.

ಹಾಗಾದರೆ ನರ್ಡ್ ಎಂದರೆ ಯಾರು? ನಮಗೆ ತೋಚುವಂತೆ ಅವನಲ್ಲಿ ಎರಡು ಲಕ್ಷಣಗಳಿವೆ. ಒಂದು, ಯಾವುದೋ ಒಂದು ವಸ್ತುವಿನ ಮೇಲೆ, ಅದು ತಾರೆಯಿರಲಿ, ಯಂತ್ರವಿರಲಿ, ಚಿಟ್ಟೆಯಿರಲಿ, ಲಾಭದ ಲೆಕ್ಕವಿಲ್ಲದ ಪ್ರೀತಿ. ಇನ್ನೊಂದು, ನಾಲ್ಕು ಜನರ ನಡುವೆ ಹೇಗಿದ್ದರೆ ಮೆಚ್ಚುಗೆ ದೊರೆಯುತ್ತದೆ ಎಂಬ ವಿದ್ಯೆಯಲ್ಲಿ ಹಿಂದುಳಿದಿರುವುದು. ಮೊದಲನೆಯದು ಗುಣ, ಎರಡನೆಯದು ಕೊರತೆ. ಜಗತ್ತು ಕೊರತೆಯನ್ನು ಮೊದಲು ಕಾಣುತ್ತದೆ.

ಅಮೆರಿಕದ ಪ್ರೌಢಶಾಲೆಗಳಲ್ಲಿ ಈ ಕೊರತೆಗೆ ವಿಧಿಸಿದ ದಂಡ ದೊಡ್ಡದು. 1950ರ ದಶಕದ ಕೊನೆಯಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಇಲಿನಾಯ್ ರಾಜ್ಯದ ಹತ್ತು ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿ 1961ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಶಾಲೆ ಬಿಟ್ಟ ಮೇಲೆ ನಿಮ್ಮನ್ನು ಜನ ಹೇಗೆ ನೆನೆಯಬೇಕು ಎಂದು ಅವರು ಹುಡುಗರನ್ನು ಕೇಳಿದ್ದರು. ಮೇಧಾವಿ ವಿದ್ಯಾರ್ಥಿಯೆಂದು ನೆನೆಯಲಿ ಎಂದವರಿಗಿಂತ ಕ್ರೀಡಾ ತಾರೆಯೆಂದು ನೆನೆಯಲಿ ಎಂದವರೇ ಹೆಚ್ಚು. ಇದಕ್ಕೆ ಕೋಲ್ಮನ್ ಕಂಡ ಕಾರಣ ವಿಚಾರಯೋಗ್ಯವಾದುದು. ಆಟದಲ್ಲಿ ಗೆದ್ದವನು ಇಡೀ ಶಾಲೆಗೆ ಗೆಲುವು ತರುತ್ತಾನೆ. ಓದಿನಲ್ಲಿ ಗೆದ್ದವನು ತನ್ನ ಪಕ್ಕದವನನ್ನು ಹಿಂದಿಕ್ಕಿ ಗೆಲ್ಲುತ್ತಾನೆ. ಆದುದರಿಂದ ಮೊದಲನೆಯವನಿಗೆ ಚಪ್ಪಾಳೆ, ಎರಡನೆಯವನಿಗೆ ಮೂದಲಿಕೆ.

ವಿಪರ್ಯಾಸವೆಂದರೆ, ಅದೇ ಕಾಲದಲ್ಲಿ ಆ ರಾಷ್ಟ್ರಕ್ಕೆ ಇಂತಹ ಹುಡುಗರೇ ಬೇಕಾಗಿದ್ದರು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕ ಬೆಚ್ಚಿತು. ಮರುವರ್ಷವೇ ವಿಜ್ಞಾನ, ಗಣಿತಗಳ ಬೋಧನೆಗೆ ಅಪಾರ ಹಣವೊದಗಿಸುವ ಶಾಸನವೊಂದನ್ನು ಅಂಗೀಕರಿಸಿತು. ಸರ್ಕಾರಕ್ಕೆ ಬೇಕಾದ ಹುಡುಗ ಶಾಲೆಯ ಅಂಗಳಕ್ಕೆ ಮಾತ್ರ ಬೇಡವಾಗಿಯೇ ಉಳಿದ.

ಬೇಡವಾದವರು ತಮ್ಮದೇ ಠಾವುಗಳನ್ನು ಕಂಡುಕೊಂಡರು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ಆರಂಭವಾದ ಆಟಿಕೆ ರೈಲುಗಳ ಸಂಘವೊಂದಿತ್ತು. ಕೆಲವರಿಗೆ ಮೇಜಿನ ಮೇಲಿನ ಪುಟ್ಟ ರೈಲು, ಪುಟ್ಟ ಬೆಟ್ಟಗಳಲ್ಲಿ ಆಸಕ್ತಿ. ಇನ್ನು ಕೆಲವರಿಗೆ ಮೇಜಿನ ಕೆಳಗೆ ಆ ರೈಲುಗಳನ್ನು ನಡೆಸುವ ತಂತಿಗಳ ಜಾಲವೇ ಸ್ವರ್ಗ. ಆ ಎರಡನೆಯ ಗುಂಪಿನವರೇ ಮುಂದೆ ಸಂಸ್ಥೆಯ ಗಣಕಯಂತ್ರವನ್ನು ರಾತ್ರಿ ವೇಳೆ ಹಿಡಿದು ಕುಳಿತರು. 1962ರಲ್ಲಿ ‘ಸ್ಪೇಸ್‌ವಾರ್’ ಎಂಬ ಗಣಕಯಂತ್ರದ ಆಟವನ್ನು ರಚಿಸಿದವರಲ್ಲಿ ಈ ಸಂಘದ ಸದಸ್ಯರಿದ್ದರು. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ, ಒಂದು ಮನೆಯ ಕಾರಿನ ಶೆಡ್ಡಿನಲ್ಲಿ, ಗಣಕಯಂತ್ರವನ್ನು ಕೈಯಾರೆ ಕಟ್ಟಲು ಹಂಬಲಿಸುವ ಕೆಲವರು ಸೇರಿದರು. ಅವರಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ಸಂಕೋಚದ ಯುವಕನಿದ್ದ. ಆತ ಮುಂದೆ ತಾನು ರಚಿಸಿದ ಯಂತ್ರದ ನಕ್ಷೆಯನ್ನು ಆ ಕೂಟದಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಿದ. ಆ ಯಂತ್ರದಿಂದಲೇ 1976ರಲ್ಲಿ ಆಪಲ್ ಕಂಪನಿ ಹುಟ್ಟಿತು.

ಇಲ್ಲಿಂದ ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 1984ರಲ್ಲಿ ಹಾಲಿವುಡ್ಡಿನವರು ನರ್ಡ್‌ಗಳ ಪ್ರತೀಕಾರವೆಂಬ ಅರ್ಥದ ಹೆಸರಿಟ್ಟು ಒಂದು ಹಾಸ್ಯಚಿತ್ರ ತೆಗೆದಾಗ ಅವರ ಗೆಲುವು ಇನ್ನೂ ನಗೆಯ ವಸ್ತುವಾಗಿತ್ತು. 1995ರಲ್ಲಿ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ‘ಫೋರ್ಬ್ಸ್’ ಪತ್ರಿಕೆಯ ಪಟ್ಟಿಯಲ್ಲಿ ಜಗತ್ತಿನ ಅತಿ ಶ್ರೀಮಂತನೆನಿಸಿದಾಗ ನಗೆ ನಿಂತಿತು. ಮರುವರ್ಷ ಅಲ್ಲಿನ ದೂರದರ್ಶನದಲ್ಲಿ ನರ್ಡ್‌ಗಳ ವಿಜಯವನ್ನು ಸಾರುವ ಸಾಕ್ಷ್ಯಚಿತ್ರವೇ ಪ್ರಸಾರವಾಯಿತು. 2007ರಿಂದ 2019ರ ವರೆಗೆ ‘ದಿ ಬಿಗ್ ಬ್ಯಾಂಗ್ ಥಿಯರಿ’ ಧಾರಾವಾಹಿ ನಾಲ್ವರು ವಿಜ್ಞಾನಿ ಗೆಳೆಯರನ್ನು ಕೋಟ್ಯಂತರ ಮನೆಗಳ ಅಚ್ಚುಮೆಚ್ಚಿನವರನ್ನಾಗಿ ಮಾಡಿತು. ಅವರಲ್ಲೊಬ್ಬ ದೆಹಲಿಯಿಂದ ಹೋದ ಖಗೋಳ ವಿಜ್ಞಾನಿ, ಸ್ತ್ರೀಯರೆದುರು ಬಾಯಿ ಬಿಡಲಾರದವನು.

ನಮ್ಮ ರಾಜ್ಯಕ್ಕೂ ಈ ಗಾಳಿ ಬೀಸಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಕಾಲಿಟ್ಟ ಮೇಲೆ ಒಂದೊಂದಾಗಿ ಬಂದ ಸಂಸ್ಥೆಗಳು ನಮ್ಮ ಮನೆಗಳ ಲೆಕ್ಕಾಚಾರವನ್ನೇ ಬದಲಿಸಿದವು. ಹಿಂದೆ ‘ಮೂಲೆ ಸೇರಿದ ಹುಡುಗ, ಇವನಿಗೆ ಯಾರು ಹೆಣ್ಣು ಕೊಟ್ಟಾರು’ ಎಂದು ನಿಟ್ಟುಸಿರುಬಿಟ್ಟವರು ಈಗ ಅಂತಹ ಹುಡುಗನ ಸಂಬಂಧವನ್ನು ಹುಡುಕಿಕೊಂಡು ಬರುತ್ತಾರೆ. ಕುಟುಂಬಗಳ ಭೇಟಿಗೆ ಹೋದಾಗ ನಾವು ಎರಡೂ ಬಗೆಯ ಮಾತುಗಳನ್ನು ಕೇಳಿದ್ದೇವೆ, ಕೆಲವೊಮ್ಮೆ ಒಂದೇ ಮನೆಯಲ್ಲಿ. ತಾಯಿ ಹೇಳುತ್ತಾರೆ: “ಫಾದರ್, ಇವನು ಯಾರೊಂದಿಗೂ ಬೆರೆಯುವುದಿಲ್ಲ, ಸ್ವಲ್ಪ ಬುದ್ಧಿ ಹೇಳಿ.” ತಂದೆ ನಡುವೆ ಬಾಯಿ ಹಾಕುತ್ತಾರೆ: “ಇರಲಿ ಬಿಡಿ ಫಾದರ್, ಕಂಪ್ಯೂಟರಿನಲ್ಲಿ ಜಾಣ. ಮುಂದೆ ಒಳ್ಳೆಯ ಸಂಬಳ ಬರುತ್ತದೆ.” ಹುಡುಗ ಇಬ್ಬರ ನಡುವೆ ತಲೆ ತಗ್ಗಿಸಿ ನಿಂತಿರುತ್ತಾನೆ. ಅವನು ಅಷ್ಟು ಹೊತ್ತು ಏನನ್ನು ನೋಡುತ್ತಿದ್ದ ಎಂದು ಇಬ್ಬರೂ ಕೇಳಿರುವುದಿಲ್ಲ.

ಇದು ನಿಜವಾದ ಅಂಗೀಕಾರವೇ? ಉತ್ತರಕ್ಕಾಗಿ ನಾವು ಮತ್ತೆ ಥೇಲ್ಸನ ಬಳಿಗೆ ಹೋಗೋಣ. ಅವನ ಬಗ್ಗೆ ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದಲ್ಲಿ ಇನ್ನೊಂದು ಪ್ರಸಂಗವನ್ನು ಹೇಳಿದ್ದಾನೆ. ಜನರು ಥೇಲ್ಸನ ಬಡತನವನ್ನು ತೋರಿಸಿ, ನಿನ್ನ ತತ್ತ್ವಜ್ಞಾನದಿಂದ ಏನು ಪ್ರಯೋಜನ ಎಂದು ಹಂಗಿಸಿದರಂತೆ. ನಕ್ಷತ್ರಗಳ ಗತಿಯಿಂದ ಮುಂದಿನ ವರ್ಷ ಆಲಿವ್ ಬೆಳೆ ಸಮೃದ್ಧವಾಗುವುದೆಂದು ಅರಿತ ಥೇಲ್ಸ್, ಚಳಿಗಾಲದಲ್ಲೇ ಅಲ್ಪ ಮುಂಗಡ ಕೊಟ್ಟು ಮಿಲೇಟಸ್ ಮತ್ತು ಖಿಯೋಸ್‌ಗಳ ಎಣ್ಣೆ ಗಾಣಗಳನ್ನೆಲ್ಲ ಗುತ್ತಿಗೆ ಹಿಡಿದ. ಸುಗ್ಗಿ ಬಂದಾಗ ಎಲ್ಲರಿಗೂ ಗಾಣ ಬೇಕಾಯಿತು. ತನಗೆ ಬೇಕಾದ ಬೆಲೆಗೆ ಅವನ್ನು ಬಾಡಿಗೆಗೆ ಕೊಟ್ಟು ಅಪಾರ ಧನ ಗಳಿಸಿದ. ಮನಸ್ಸು ಮಾಡಿದರೆ ತತ್ತ್ವಜ್ಞಾನಿ ಸುಲಭವಾಗಿ ಶ್ರೀಮಂತನಾಗಬಲ್ಲ, ಆದರೆ ಅವನ ಆಸಕ್ತಿ ಅದಲ್ಲ ಎಂದು ಆ ಮೂಲಕ ತೋರಿಸಿಕೊಟ್ಟ ಎನ್ನುತ್ತಾನೆ ಅರಿಸ್ಟಾಟಲ್.

ಮಿಲೇಟಸಿನ ಜನ ಆ ಬಳಿಕ ಥೇಲ್ಸನನ್ನು ಗೌರವದಿಂದ ಕಂಡಿರಬೇಕು. ಅವರು ಗೌರವಿಸಿದ್ದು ಯಾವುದನ್ನು? ಗಾಣದ ಬಾಡಿಗೆಯನ್ನು. ಅವನು ದಿಟ್ಟಿಸಿದ ನಕ್ಷತ್ರಗಳು ಅವರಿಗೆ ಮೊದಲಿನಂತೆಯೇ ನಿರರ್ಥಕ. ಇಪ್ಪತ್ತನೆಯ ಶತಮಾನದ ನರ್ಡ್‌ನ ಕಥೆಯೂ ಇದೇ. ಅವನು ಹಣ ತಂದ, ಆದುದರಿಂದ ಅವನ ಕನ್ನಡಕವೂ ಶೋಭಿಸಿತು. ಹಣ ತಾರದ ಪ್ರೀತಿಯುಳ್ಳವನ ಗತಿಯೇನು? ಹಳೆಯ ಶಾಸನಗಳನ್ನು ಓದಲು ಹಂಬಲಿಸುವ ಹುಡುಗ, ಪಾಚಿ ಮತ್ತು ಜರಿಗಿಡಗಳ ಹೆಸರುಗಳನ್ನು ಪಟ್ಟಿ ಮಾಡುವ ಹುಡುಗಿ, ರೈಲುಗಳ ವೇಳಾಪಟ್ಟಿಯನ್ನು ಬಾಯಿಪಾಠ ಹೇಳುವ ಬಾಲಕ, ಇವರನ್ನು ನೋಡಿ ಇಂದಿಗೂ ಜನ ನಗುತ್ತಾರೆ. ಅಂಗೀಕಾರ ದೊರೆತದ್ದು ಮಾರುಕಟ್ಟೆಯಲ್ಲಿ ಬೆಲೆಯುಳ್ಳ ಒಂದು ಬಗೆಯ ನರ್ಡ್‌ಗೆ ಮಾತ್ರ.

ಆ ಮನ್ನಣೆಯಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕ ಪಾಲೂ ಕಡಿಮೆ. 1946ರಲ್ಲಿ ಜಗತ್ತಿಗೆ ಪ್ರದರ್ಶಿಸಲಾದ ‘ಎನಿಯಾಕ್’ ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಸಿದ್ಧಪಡಿಸಿದವರು ಆರು ಮಂದಿ ಸ್ತ್ರೀಯರು. ಪ್ರದರ್ಶನದ ದಿನ ಅವರನ್ನು ಯಾರೂ ಪರಿಚಯಿಸಲಿಲ್ಲ. 1980ರ ದಶಕದ ನಡುವೆ ಅಮೆರಿಕದಲ್ಲಿ ಗಣಕ ವಿಜ್ಞಾನದ ಪದವಿ ಪಡೆದವರಲ್ಲಿ ಶೇಕಡಾ 37ರಷ್ಟು ಸ್ತ್ರೀಯರಿದ್ದರು. ನರ್ಡ್ ಎಂದರೆ ಹುಡುಗನೇ ಎಂಬ ಚಿತ್ರ ಬಲಿಯುತ್ತ ಹೋದ ಮುಂದಿನ ವರ್ಷಗಳಲ್ಲಿ, 2010ರ ಹೊತ್ತಿಗೆ, ಆ ಪ್ರಮಾಣ ಶೇಕಡಾ 18ರ ಆಸುಪಾಸಿಗೆ ಇಳಿಯಿತು. ನಾವು ಮೇಲೆ ಹೆಸರಿಸಿದ 1984ರ ಚಿತ್ರದಲ್ಲಿ ಅವಮಾನಿತರಾದ ಹುಡುಗರೇ ಹುಡುಗಿಯರ ಮಾನಕ್ಕೆ ಭಂಗ ತರುತ್ತಾರೆ, ಚಿತ್ರ ಅದನ್ನು ವಿನೋದವೆಂದು ತೋರಿಸುತ್ತದೆ. ನೊಂದವನು ತಾನಾಗಿಯೇ ಸಜ್ಜನನಾಗುವುದಿಲ್ಲ. ನೋವಿಗೆ ಮದ್ದಾಗಿ ಅಧಿಕಾರ ದೊರೆತರೆ ಅವನು ನೋಯಿಸುವವನೂ ಆಗಬಹುದು.

ಆದುದರಿಂದ ನಾವು ನರ್ಡ್‌ನನ್ನು ಪೂಜಿಸಬೇಕೆಂದು ಹೇಳುತ್ತಿಲ್ಲ. ಅಕ್ವೀನದ ಸಂತ ತೋಮಸರು ‘ಸುಮ್ಮಾ’ ಗ್ರಂಥದಲ್ಲಿ ಅಧ್ಯಯನಶೀಲತೆಯನ್ನು ಒಂದು ಸದ್ಗುಣವೆಂದು ಎಣಿಸಿ, ಅದರ ಪಕ್ಕದಲ್ಲೇ ಅಂಕೆಯಿಲ್ಲದ ಕುತೂಹಲವನ್ನು ದೋಷವೆಂದು ಎಣಿಸಿದ್ದಾರೆ. ಅಹಂಕಾರಕ್ಕಾಗಿ ಕಲಿಯುವುದು, ಮಾಡಬೇಕಾದ ಕರ್ತವ್ಯವನ್ನು ಬಿಟ್ಟು ಕ್ಷುಲ್ಲಕವಾದುದರಲ್ಲಿ ಮುಳುಗುವುದು ಈ ದೋಷದ ರೂಪಗಳು. ಎರಡೂ ಕಡೆ ಹುಡುಗ ಮೇಜಿನ ಮುಂದೆ ಕುಳಿತೇ ಇರುತ್ತಾನೆ. ಒಬ್ಬನ ಪ್ರೀತಿ ಅವನನ್ನು ಬೆಳೆಸುತ್ತದೆ, ಇನ್ನೊಬ್ಬನನ್ನು ಪರದೆ ನುಂಗುತ್ತದೆ. ಯಾವುದು ಯಾವುದೆಂದು ಹೊರಗಿನಿಂದ ಬಾಗಿಲ ಸಂದಿಯಲ್ಲಿ ಇಣುಕಿದರೆ ತಿಳಿಯದು. ಪಕ್ಕದಲ್ಲಿ ಕುಳಿತು ಕೇಳಬೇಕು.

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತರೆಂದು ಘೋಷಿಸಿದ ಕಾರ್ಲೋ ಅಕ್ಯುಟಿಸ್ ಇದಕ್ಕೆ ಒಳ್ಳೆಯ ನಿದರ್ಶನ. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಮಿಲಾನಿನಲ್ಲಿ ಬೆಳೆದು, 2006ರಲ್ಲಿ ರಕ್ತದ ಕ್ಯಾನ್ಸರಿಗೆ ಬಲಿಯಾದಾಗ ಅವರಿಗೆ ವಯಸ್ಸು 15. ಗಣಕಯಂತ್ರವೆಂದರೆ ಪ್ರಾಣ. ಪರಮಪ್ರಸಾದದ ಪವಾಡಗಳ ಮಾಹಿತಿಯನ್ನು ಆ ಯಂತ್ರದ ಮೂಲಕವೇ ಸಂಗ್ರಹಿಸಿ ಜಗತ್ತಿಗೆ ನೀಡಿದರು. ಆದರೆ ವಿಡಿಯೋ ಆಟಕ್ಕೆ ವಾರಕ್ಕೆ ಒಂದೇ ಗಂಟೆಯೆಂದು ತಮಗೆ ತಾವೇ ಮಿತಿ ಹಾಕಿಕೊಂಡಿದ್ದರು. ಶಾಲೆಯಲ್ಲಿ ಇತರರ ಗೇಲಿಗೆ ಗುರಿಯಾದವರ ಪಕ್ಕದಲ್ಲಿ ನಿಲ್ಲುತ್ತಿದ್ದರೆಂದು ಅವರನ್ನು ಬಲ್ಲವರು ನೆನೆಯುತ್ತಾರೆ.

ಸಂತ ತೋಮಸರ ವಿದ್ಯಾರ್ಥಿ ಜೀವನವನ್ನೂ ನೆನೆಯಬೇಕು. ಸ್ಥೂಲಕಾಯದ, ಮಾತು ಕಡಿಮೆಯ ಈ ಯುವಕನಿಗೆ ಸಹಪಾಠಿಗಳು ‘ಮೂಗ ಎತ್ತು’ ಎಂದು ಅಡ್ಡಹೆಸರಿಟ್ಟಿದ್ದರು. ಈ ಎತ್ತಿನ ಕೂಗು ಒಂದು ದಿನ ಜಗತ್ತಿಗೇ ಕೇಳಿಸುವುದೆಂದು ಅವರ ಗುರು ಸಂತ ಆಲ್ಬರ್ಟರು ಹೇಳಿದರೆಂಬ ಪ್ರತೀತಿಯಿದೆ. ಅವರ ಬಗ್ಗೆ ಇನ್ನೊಂದು ಐತಿಹ್ಯ ನಮಗೆ ಬಹಳ ಪ್ರಿಯವಾದುದು. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಯ ಔತಣದಲ್ಲಿ ತೋಮಸರು ಸುತ್ತಲಿನವರನ್ನು ಮರೆತು ಯೋಚನೆಯಲ್ಲಿ ಮುಳುಗಿದ್ದರಂತೆ. ಇದ್ದಕ್ಕಿದ್ದಂತೆ ಮೇಜನ್ನು ಗುದ್ದಿ, ಮಾನಿ ಪಂಥದವರ ವಾದಕ್ಕೆ ಖಂಡನೆ ಸಿಕ್ಕಿತೆಂದು ಉದ್ಗರಿಸಿದರಂತೆ. ಸಭಿಕರು ದಂಗಾದರು. ದೊರೆ ಮಾತ್ರ ಕೋಪಿಸಲಿಲ್ಲ, ನಗಲೂ ಇಲ್ಲ. ಆ ವಿಚಾರ ಮರೆತುಹೋಗುವ ಮೊದಲೇ ಬರೆದುಕೊಳ್ಳಲೆಂದು ತನ್ನ ಲಿಪಿಕಾರನನ್ನು ಅವರ ಬಳಿಗೆ ಕಳುಹಿಸಿದನಂತೆ.

ಅಂಗೀಕಾರವೆಂದರೆ ಇದೇ ಎಂದು ನಮ್ಮ ಭಾವನೆ. ತೋಮಸರಿಂದ ಬೊಕ್ಕಸಕ್ಕೆ ಏನು ಬರುತ್ತದೆಂದು ದೊರೆ ಎಣಿಸಲಿಲ್ಲ. ಔತಣದ ರೀತಿನೀತಿಗಳನ್ನು ಆ ಕ್ಷಣದಲ್ಲಿ ಬೋಧಿಸಲೂ ಇಲ್ಲ. ಎದುರಿಗಿದ್ದವನ ಮನಸ್ಸು ಎಲ್ಲಿತ್ತೋ ಅಲ್ಲಿಗೆ ತಾನೂ ಒಂದು ಹೆಜ್ಜೆ ಇಟ್ಟ.

ತಂದೆತಾಯಿಗಳಿಗೆ ನಮ್ಮ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಿ ಇಂತಹ ಮಗುವಿದ್ದರೆ, ಬೆರೆಯುವುದನ್ನೂ ಕಲಿಸಿ. ಎದುರಿನವನ ಮುಖವನ್ನು ನೋಡುವುದು, ಅವನ ಸರದಿಗೆ ಕಾಯುವುದು ಕಲಿಯಬಲ್ಲ ಸಂಗತಿಗಳು. ಅದು ಕೆಲವು ಮಕ್ಕಳಿಗೆ ತೀರ ಕಷ್ಟವಾದರೆ, ಶಬ್ದ, ಸ್ಪರ್ಶ, ದಿನಚರಿಯ ಸಣ್ಣ ಬದಲಾವಣೆಗಳು ಅವರನ್ನು ಕಂಗೆಡಿಸುತ್ತಿದ್ದರೆ, ಸಂಕೋಚಪಡದೆ ತಜ್ಞರ ಬಳಿ ಕರೆದೊಯ್ಯಿರಿ. ಅದು ಆಟಿಸಂ ಇರಬಹುದು, ಇಲ್ಲದಿರಲೂಬಹುದು. ಎರಡೂ ನಾಚಿಕೆಯ ವಿಷಯಗಳಲ್ಲ. ಆದರೆ ಕಲಿಸುವ ಮೊದಲು ಒಮ್ಮೆ ಕೇಳಿ: “ನೀನು ನೋಡುತ್ತಿರುವುದು ಏನು? ನನಗೂ ತೋರಿಸು.” ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಕುಳಿತಿರಿ. ಮುಂದೆ ಸಂಬಳ ಬರುವುದೋ ಇಲ್ಲವೋ ಎಂಬ ಚಿಂತೆ ಆ ಹೊತ್ತಿಗೆ ಬೇಡ.

ಕೆಲವು ವರ್ಷಗಳ ಹಿಂದೆ ನಮ್ಮ ಆ ಹಳೆಯ ಸಹಪಾಠಿಯನ್ನು ಒಂದು ಮದುವೆಯ ಮನೆಯಲ್ಲಿ ಕಂಡೆವು. ಪಟ್ಟಣವೊಂದರಲ್ಲಿ ರೇಡಿಯೋ, ಟೀವಿ ದುರಸ್ತಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಶ್ರೀಮಂತನಾಗಿಲ್ಲ. ಹಳೆಯ ಮಾತನ್ನೆತ್ತಿ ನಾವು ಕ್ಷಮೆ ಕೇಳಿದೆವು. ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ ತಿಳಿಯದು. ವಾಲ್ವ್ ರೇಡಿಯೋವೊಂದು ಕೈಗೆ ಸಿಕ್ಕಿದೆಯೆಂದು ಉತ್ಸಾಹದಿಂದ ಹೇಳತೊಡಗಿದ. ಊಟದ ಪಂಕ್ತಿ ಎದ್ದು ಹೋಯಿತು. ಈ ಸಲ ನಾವು ಏಳಲಿಲ್ಲ. ಅವನು ಹೇಳಿದುದರಲ್ಲಿ ಅರ್ಧ ನಮಗೆ ತಿಳಿಯಲಿಲ್ಲ. ಆದರೂ ಕೊನೆಯವರೆಗೆ ಕೇಳಿದೆವು. ಮೂವತ್ತು ವರ್ಷಗಳ ಹಿಂದೆ ಮಾಡಬೇಕಾಗಿದ್ದುದು ಅಷ್ಟೇ ಆಗಿತ್ತು.